ಎದೆಯ ಮೇಲೊಂದು ಹೆಸರು, ಲೈನಿಂಗಿನಲ್ಲಿ ನಾಲ್ಕು ಅಂಕಿ: ಈ ಎ-2 ಜಾಕೆಟ್ ಯಾರದು?

ಡೇಟನ್ ವಾಸಿ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನದ ಕಡೆ, ಈಗ ಇರುವುದು ಒಹಾಯೋದ ಡೇಟನ್‌ನಲ್ಲಿ. ಅಮೆರಿಕದ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂ ಇಲ್ಲೇ ಇದೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಹಿಮ ಬಿದ್ದ ದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತೇವೆ. ಮಕ್ಕಳು 'ಮೆಂಫಿಸ್ ಬೆಲ್' ಬಾಂಬರ್ ನೋಡುತ್ತಿದ್ದರೆ ನಾನು ಚರ್ಮದ ಜಾಕೆಟ್‌ಗಳ ಮುಂದೆ ನಿಂತುಬಿಡುತ್ತೇನೆ. ಮೊಣಕೈ ಹತ್ತಿರದ ಸುಕ್ಕು ನೋಡಿದರೆ ಒಳಗೆ ಇನ್ನೂ ಯಾರದೋ ಕೈ ಇದೆ ಅನಿಸುತ್ತದೆ.

ಹೋದ ತಿಂಗಳು ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ನನಗೂ ಒಂದು ಸಿಕ್ಕಿತು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನ ಸಿಬ್ಬಂದಿ ಹಾಕುತ್ತಿದ್ದ ಎ-2 ಅನ್ನುವ ಚರ್ಮದ ಜಾಕೆಟ್. ಮಾರುತ್ತಿದ್ದವರು ಅದನ್ನು ಯಾರದೋ ಮನೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆಯ ಜೊತೆ ಕೊಂಡಿದ್ದರಂತೆ. ಯಾರ ಮನೆ, ಯಾವ ಊರು ಅಂತ ಅವರಿಗೂ ನೆನಪಿಲ್ಲ.

ಕಂದು ಬಣ್ಣ. ಕುದುರೆ ಚರ್ಮ ಇರಬೇಕು, ತುಂಬಾ ಗಟ್ಟಿ. ಸೊಂಟಕ್ಕೆ, ಮಣಿಕಟ್ಟಿಗೆ ಉಣ್ಣೆಯ ಹೆಣಿಗೆ ಪಟ್ಟಿ. ಬಲಗೈ ಪಟ್ಟಿ ಬಿಚ್ಚಿ ನೂಲು ನೂಲಾಗಿದೆ, ಎಡಗೈಯದು ಚೆನ್ನಾಗಿದೆ. ಕಾಲರ್ ಕೆಳಗೆ ಲೇಬಲ್ ಇದೆ, ಆದರೆ ಅರ್ಧ ಸವೆದುಹೋಗಿದೆ. 'ಟೈಪ್ ಎ-2' ಅನ್ನುವುದೂ 'ಡ್ರಾಯಿಂಗ್ ನಂಬರ್ 30-1415' ಅನ್ನುವುದೂ ಮಾತ್ರ ಓದಲು ಬರುತ್ತದೆ. ಎಡ ಎದೆಯ ಮೇಲೆ ಸಣ್ಣ ಚರ್ಮದ ಪಟ್ಟಿ, ಅದರಲ್ಲಿ ಹೆಸರಿನ ಮೊದಲಕ್ಷರ ಮತ್ತು ಮನೆತನದ ಹೆಸರು. ತುಂಬಾ ಸಾಮಾನ್ಯವಾದ ಹೆಸರು. ನಮ್ಮಲ್ಲಿ 'ಕೆ. ಗೌಡ' ಅಂದ ಹಾಗೆ. ಒಳಗಿನ ಹತ್ತಿ ಲೈನಿಂಗಿನ ಮೇಲೆ ಶಾಯಿಯಲ್ಲಿ ಒಂದು ಅಕ್ಷರ, ನಾಲ್ಕು ಅಂಕಿ ಇವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎಡ ಭುಜದ ಪ್ಯಾಚ್. ಗುರಾಣಿಯ ಆಕಾರ. ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿ, ನೀಲಿಯಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ. ಎಲ್ಲವೂ ಬೇರೆ ಬೇರೆ ಬಣ್ಣದ ಚರ್ಮದ ತುಂಡು, ಕತ್ತರಿಸಿ ಕೈಯಲ್ಲಿ ಕೂಡಿಸಿದ್ದು. ಸೂರ್ಯನ ಕಿರಣಗಳು ಒಂದರ ಹಾಗೆ ಒಂದಿಲ್ಲ. ಎರಡು ಕಿರಣ ಸ್ವಲ್ಪ ದಪ್ಪ, ಒಂದು ತುದಿಯಲ್ಲಿ ವಾಲಿದೆ.

ಇದರ ಒಡೆಯರು ಯಾರು ಅಂತ ಹುಡುಕಬೇಕು. ಎಲ್ಲಿಂದ ಶುರು ಮಾಡಲಿ?

ಹಳೇ ಜಿಪ್, ಪುಣೆ:

ಸರ್, ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ, ಪಾಲಿಶ್ ಏನೂ ಹಚ್ಚಬೇಡಿ. ಬಿಚ್ಚಿದ ಹೆಣಿಗೆಯನ್ನು ಸರಿ ಮಾಡಿಸಲೂ ಹೋಗಬೇಡಿ. ಬಲಗೈ ಮಾತ್ರ ಸವೆದಿದೆ ಅಂದಿರಲ್ಲ, ಅದೂ ಒಂದು ದಾಖಲೆಯೇ.

ಆ ಪ್ಯಾಚ್ ಸಿಬಿಐದು. ನಮ್ಮ ತನಿಖಾ ಸಂಸ್ಥೆ ಅಲ್ಲ, ಚೀನಾ-ಬರ್ಮಾ-ಇಂಡಿಯಾ ರಣರಂಗ. ಸೂರ್ಯ ಚೀನಾದ್ದು, ನಕ್ಷತ್ರ ಇಂಡಿಯಾದ್ದು. ಈ ರಣರಂಗದ ಚರ್ಮದ ಪ್ಯಾಚ್‌ಗಳಲ್ಲಿ ಬಹಳಷ್ಟು ನಮ್ಮ ದೇಶದಲ್ಲೇ ಆಗಿದ್ದು. ಕಲ್ಕತ್ತಾದಂಥ ಊರುಗಳಲ್ಲಿ ದರ್ಜಿಗಳು, ಚರ್ಮದ ಕೆಲಸದವರು ಸಿಪಾಯಿಗಳಿಗೆ ಮಾಡಿಕೊಡುತ್ತಿದ್ದರು. ಹಾಗಾಗಿಯೇ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ನಿಮ್ಮ ವಾಲಿದ ಕಿರಣ ಯಂತ್ರದ್ದಲ್ಲ, ಒಬ್ಬ ಮನುಷ್ಯನ ಕತ್ತರಿಯದು.

ಜಾಕೆಟ್ ವಿಷಯಕ್ಕೆ ಬರುತ್ತೇನೆ. ಎ-2ಗೆ ಅಮೆರಿಕದ ಸೇನೆ ಒಪ್ಪಿಗೆ ಕೊಟ್ಟದ್ದು 1931ರ ಮೇ 9ರಂದು. ಅದಕ್ಕೂ ಮುಂಚೆ 1927ರ ಎ-1 ಇತ್ತು. ಅದರ ಕಾಲರ್ ಹೆಣಿಗೆಯದು, ಮುಂದೆ ಗುಂಡಿಗಳು. ಎ-2ಗೆ ಚರ್ಮದ ಕಾಲರ್, ಜಿಪ್, ಜಿಪ್ ಹಿಂದೆ ಗಾಳಿ ತಡೆಯುವ ಪಟ್ಟಿ ಬಂತು. ಕಾಲರ್ ತುದಿ ಹಾರಾಡದ ಹಾಗೆ ಟಿಚ್ ಬಟನ್ ಬಂತು. 1943ರಲ್ಲಿ ಚರ್ಮ ಬಿಟ್ಟು ಬಿ-10 ಅನ್ನುವ ಬಟ್ಟೆಯ ಜಾಕೆಟ್ ತಂದರು. ಚರ್ಮದ ಎ-2 ವಾಯುಪಡೆಗೆ ಮರಳಿದ್ದು 1988ರಲ್ಲಿ. ನಡುವೆ ಬಂದದ್ದೆಲ್ಲ ಅಂಗಡಿ ಮಾಲು.

ಲೇಬಲ್‌ನಲ್ಲಿ ಆರ್ಡರ್ ನಂಬರ್ 42ರಿಂದ ಶುರುವಾಗಿದ್ದರೆ ಅದು 1942ರ ಹಣಕಾಸು ವರ್ಷದ ಆರ್ಡರ್. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ರಫ್ ವೇರ್, ಏರೋ ಲೆದರ್, ಪೆರ್ರಿ, ಡುಬೋ, ಸ್ಟಾರ್, ಕೇಬಲ್ ರೇನ್‌ಕೋಟ್ ಹೀಗೆ ಹಲವು ಕಂಪನಿಗಳು ಹೊಲಿದವು. ನಕ್ಷೆ ಒಂದೇ ಆದರೂ ಒಬ್ಬೊಬ್ಬರ ಕಾಲರ್ ಆಕಾರ, ಜೇಬಿನ ಮೂಲೆ ಬೇರೆ. ಪಳಗಿದವರು ಲೇಬಲ್ ಇಲ್ಲದೆಯೂ ಕಂಪನಿ ಗುರುತಿಸುತ್ತಾರೆ.

ಆಮೇಲೆ ಜಿಪ್ ನೋಡಿ. ಟ್ಯಾಲನ್, ಕ್ರೌನ್, ಕಾನ್‌ಮಾರ್ ಇವುಗಳಲ್ಲಿ ಒಂದಿರಬೇಕು. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷೆಯ ನೇರಳೆ ದೀಪ ಹಾಕಿ ಹೊಲಿಗೆಯ ದಾರ ನೋಡಿ. ಯುದ್ಧಕಾಲದ ಹತ್ತಿ ದಾರ ಮಂಕಾಗಿ ಕಾಣುತ್ತದೆ. ಈಗಿನ ದಾರ ಬೆಳ್ಳಗೆ ಹೊಳೆಯುತ್ತದೆ. ಆದರೆ ಲೈನಿಂಗ್ ಹೊಳೆದರೆ ಗಾಬರಿ ಬೇಡ. ಯಾರೋ ಒಗೆಯುವ ಪುಡಿ ಹಾಕಿ ತೊಳೆದಿದ್ದರೂ ಹಾಗಾಗುತ್ತದೆ.

ನಾನು ಮೋಸ ಹೋದ ಕಥೆಯನ್ನೂ ಹೇಳುತ್ತೇನೆ. ಬೆನ್ನ ಮೇಲೆ ಬಾಂಬರ್ ಚಿತ್ರ, ಅದರ ಕೆಳಗೆ ಸಾಲಾಗಿ 30 ಬಾಂಬ್ ಚಿತ್ರ, ಒಂದೊಂದು ದಾಳಿಗೆ ಒಂದೊಂದು. ಇಂಗ್ಲೆಂಡಿನಿಂದ ಹಾರುತ್ತಿದ್ದ ಎಂಟನೇ ವಾಯುಪಡೆಯಲ್ಲಿ ಮೊದಲು 25 ಸಲ ಹೋಗಿ ಬಂದರೆ ಸರದಿ ಮುಗಿಯುತ್ತಿತ್ತು. 1944ರಲ್ಲಿ ಅದನ್ನು 30, ಆಮೇಲೆ 35 ಮಾಡಿದರು. ಲೆಕ್ಕ ಸರಿಯಿದೆ ಅಂತ ನಂಬಿ ಒಂದು ಲಕ್ಷಕ್ಕೂ ಜಾಸ್ತಿ ಕೊಟ್ಟೆ. ಮನೆಗೆ ಬಂದ ಮೇಲೆ ಭೂತಗನ್ನಡಿ ಹಿಡಿದೆ. ಚರ್ಮದ ಬಿರುಕಿನೊಳಗೆಲ್ಲ ಬಣ್ಣ ಇಳಿದಿತ್ತು. ಹಳೇ ಬಣ್ಣವಾದರೆ ಚರ್ಮದ ಜೊತೆ ತಾನೂ ಬಿರಿಯಬೇಕು. ಬಿರುಕಿಗೆ ಇಳಿದಿದ್ದರೆ ಬಿರುಕು ಮೊದಲು, ಬಣ್ಣ ಆಮೇಲೆ ಅಂತ ಅರ್ಥ. ಜಾಕೆಟ್ ನಿಜವಾದದ್ದೇ. ಆದರೆ ಯಾರೋ ಒಬ್ಬ ಹುಡುಗನ ನಿಜವಾದ ಜಾಕೆಟ್ ಮೇಲೆ ಸುಳ್ಳು ಬರೆದಿದ್ದರು. ದುಡ್ಡು ಹೋದದ್ದಕ್ಕಿಂತ ಅದು ಹೆಚ್ಚು ನೋವಾಯಿತು.

ಡೇಟನ್ ವಾಸಿ:

ತುಂಬಾ ಥ್ಯಾಂಕ್ಸ್ ಸರ್. ಜಿಪ್ ಟ್ಯಾಲನ್. ದಾರ ಹೊಳೆಯಲಿಲ್ಲ, ಪ್ಯಾಚಿನ ದಾರವೂ ಮಂಕೇ. ಲೇಬಲ್‌ನಲ್ಲಿ '42-' ಕಂಡಿತು, ಮುಂದಿನದು ಅಳಿಸಿದೆ. ಬಲಗಡೆ ಜೇಬಿನೊಳಗೆ ಕೈ ಹಾಕಿದರೆ ತಳದಲ್ಲಿ ಕಪ್ಪು ದಾರದ ಕೈಹೊಲಿಗೆ ಸಿಗುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಅದನ್ನೂ ಇಂಡಿಯಾದಲ್ಲೇ ಹೊಲಿಸಿರಬಹುದಾ?

ಕಡತದ ಹಿಂದೆ, ಮೇರಿಲ್ಯಾಂಡ್:

ನಿಮ್ಮ ಅಕ್ಷರ, ನಾಲ್ಕು ಅಂಕಿ ಬಂಗಾರ ಇದ್ದ ಹಾಗೆ. ಅದು ಬಟ್ಟೆ ಒಗೆಯಲು ಹಾಕುವಾಗಿನ ಗುರುತು. ಮನೆತನದ ಹೆಸರಿನ ಮೊದಲಕ್ಷರ, ಅದರ ಜೊತೆ ಸೇನಾ ನಂಬರಿನ ಕೊನೆಯ ನಾಲ್ಕು ಅಂಕಿ. ದಯವಿಟ್ಟು ಆ ಅಂಕಿಗಳನ್ನಾಗಲಿ ಹೆಸರನ್ನಾಗಲಿ ಇಲ್ಲಿ ಹಾಕಬೇಡಿ. ಅವರ ಮಕ್ಕಳು ಮೊಮ್ಮಕ್ಕಳು ಇರಬಹುದು, ಸುದ್ದಿ ಅವರಿಗೆ ಮೊದಲು ತಿಳಿಯಲಿ. ಹುಡುಕುವ ದಾರಿ ನಾನು ಹೇಳುತ್ತೇನೆ, ನೀವೇ ಹುಡುಕಿ.

ಅಧಿಕಾರಿಗಳ ನಂಬರ್ 'ಓ' ಅಕ್ಷರದಿಂದ ಶುರುವಾಗುತ್ತದೆ. ಸಾಮಾನ್ಯ ಸೈನಿಕರದು ಎಂಟು ಅಂಕಿ. ಮೊದಲ ಅಂಕಿ 1 ಆದರೆ ತಾವಾಗಿಯೇ ಸೇರಿದವರು, 3 ಆದರೆ ಕಡ್ಡಾಯ ಭರ್ತಿಯಲ್ಲಿ ಬಂದವರು. ಎರಡನೇ ಅಂಕಿ ಸೇರಿದ ಪ್ರದೇಶ ಹೇಳುತ್ತದೆ. 5 ಅಂದರೆ ಒಹಾಯೋ, ಇಂಡಿಯಾನಾ, ಕೆಂಟಕಿ, ವೆಸ್ಟ್ ವರ್ಜೀನಿಯಾ. ಜಾಕೆಟ್ ಒಹಾಯೋದಲ್ಲಿ ಸಿಕ್ಕಿದ್ದರಿಂದ ನಾನಾದರೆ 15 ಅಥವಾ 35ರಿಂದ ಶುರುವಾಗುವ ನಂಬರುಗಳನ್ನೇ ಮೊದಲು ನೋಡುತ್ತೇನೆ.

ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಸೇನೆಗೆ ಸೇರಿದವರ ಸುಮಾರು 90 ಲಕ್ಷ ದಾಖಲೆಗಳನ್ನು ಇಂಟರ್ನೆಟ್‌ನಲ್ಲಿ ಹಾಕಿದೆ. ಹೆಸರು, ನಂಬರ್, ಹುಟ್ಟಿದ ವರ್ಷ, ಜಿಲ್ಲೆ, ಓದು, ಮಾಡುತ್ತಿದ್ದ ಕೆಲಸ ಎಲ್ಲ ಇದೆ. ತೂತು ಹಾಕಿದ ಹಳೇ ಕಾರ್ಡುಗಳಿಂದ ತೆಗೆದದ್ದು. ಅಕ್ಷರ ತಪ್ಪು ಇರುತ್ತದೆ, ಕೆಲವರು ಬಿಟ್ಟೂ ಹೋಗಿದ್ದಾರೆ. ಹೆಸರು ಹಾಕಿ ಹುಡುಕಿ, ಬಂದವರ ಕೊನೆಯ ನಾಲ್ಕು ಅಂಕಿ ತಾಳೆ ಹಾಕಿ. ಸಾಮಾನ್ಯ ಹೆಸರಾದರೆ ನೂರಾರು ಜನ ಬರುತ್ತಾರೆ. ಬೇಸರ ಮಾಡಿಕೊಳ್ಳದೆ ಒಂದೊಂದಾಗಿ ನೋಡಿ.

ಆಮೇಲಿನ ದಾರಿ ಕಷ್ಟ. ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತ ಸುಟ್ಟುಹೋದವು. 1912ರಿಂದ 1960ರ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ನೂರಕ್ಕೆ 80 ಇಲ್ಲ. ಯುದ್ಧದ ವೇಳೆ ವಾಯುಪಡೆ ಸೇನೆಯದೇ ಭಾಗವಾಗಿತ್ತಲ್ಲ, ಅವರದ್ದೂ ಅಲ್ಲೇ ಇತ್ತು. ನೀರಲ್ಲಿ ನೆಂದು ಅಂಚು ಸುಟ್ಟ ಕಡತವನ್ನು ನಾನು ಒಮ್ಮೆ ಓದಿದ್ದೇನೆ. ಪುಟದ ನಡುವೆ ಮಾತ್ರ ಅಕ್ಷರ ಉಳಿದಿತ್ತು. ಹುಟ್ಟಿದ ದಿನ ಇಲ್ಲ, ಊರು ಇಲ್ಲ. ಕಾಲು ನೋವು ಅಂತ ಡಾಕ್ಟರ ಹತ್ತಿರ ಹೋಗಿದ್ದು ಇದೆ.

ಕಡತ ಸುಟ್ಟಿದ್ದರೂ ಕೈಬಿಡಬೇಡಿ. ಪ್ರತಿ ತುಕಡಿ ಬೆಳಿಗ್ಗೆ ಬರೆಯುತ್ತಿದ್ದ ದಿನದ ವರದಿಗಳಿವೆ. ಕೊನೆಯ ಸಂಬಳದ ಚೀಟಿಗಳಿವೆ. ವಿಮಾನ ಕಾಣೆಯಾಗಿದ್ದರೆ 1943ರಿಂದ ಈಚೆಗೆ ಪ್ರತಿ ಘಟನೆಗೂ ಒಂದು ವರದಿ ಇದೆ. ಯಾರು ಎಲ್ಲಿ ಕೂತಿದ್ದರು, ಕೊನೆಗೆ ಕಂಡದ್ದೆಲ್ಲಿ, ಮನೆಯವರ ವಿಳಾಸ ಏನು, ಎಲ್ಲ ಅದರಲ್ಲಿ ಸಿಗುತ್ತದೆ.

ಲೆಚ್‌ವರ್ತ್ ಅಕ್ಕ:

ನಾನು ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿದ್ದೇನೆ. ಲೆಸ್ಲಿ ಇರ್ವಿನ್ 1926ರಲ್ಲಿ ಪ್ಯಾರಾಶೂಟ್ ಕಾರ್ಖಾನೆ ತೆರೆದ ಊರು ಇದೇ. ಡೇಟನ್ ವಾಸಿಯವರೇ, ಈ ಮನುಷ್ಯ 1919ರ ಏಪ್ರಿಲ್ 28ರಂದು ವಿಮಾನದಿಂದ ಹಾರಿ, ಕೈಯಾರೆ ಹಗ್ಗ ಎಳೆದು ಪ್ಯಾರಾಶೂಟ್ ಬಿಚ್ಚಿ ತೋರಿಸಿದ್ದು ನಿಮ್ಮ ಊರಿನ ಮೆಕುಕ್ ಫೀಲ್ಡಿನಲ್ಲೇ. ಇಳಿಯುವಾಗ ಪಾದದ ಗಂಟು ಮುರಿದುಕೊಂಡರು. ಪ್ಯಾರಾಶೂಟ್‌ನಿಂದ ಬದುಕಿ ಬಂದವರಿಗೆ ಅವರ ಕಂಪನಿ ಬಂಗಾರದ ಪುಟ್ಟ ರೇಷ್ಮೆ ಹುಳುವಿನ ಪಿನ್ ಕೊಡುತ್ತಿತ್ತು. ಆಗ ಪ್ಯಾರಾಶೂಟ್ ಅಂದರೆ ರೇಷ್ಮೆ ಅಲ್ವಾ. ಯುದ್ಧದ ಸಮಯದಲ್ಲಿ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಅದರಿಂದಲೇ ಬೇಡಿಕೆ ಬಂದದ್ದು.

ಬ್ರಿಟನ್ನಿನ ವಾಯುಪಡೆಗೆ ಇರ್ವಿನ್ ಮಾಡಿದ ಜಾಕೆಟ್ ನಿಮ್ಮದರ ಹಾಗಲ್ಲ. ಉಣ್ಣೆ ಸಮೇತ ಕುರಿ ಚರ್ಮ, ಉಣ್ಣೆ ಒಳಗೆ. ಮೊದಲಿನವು ದೊಡ್ಡ ತುಂಡುಗಳಲ್ಲಿ ಆದವು. ಯುದ್ಧ ಬೆಳೆದ ಹಾಗೆ ಚಿಕ್ಕ ಚಿಕ್ಕ ತುಂಡು ಕೂಡಿಸಿ, ಹೊಲಿಗೆಯ ಮೇಲೆ ಚರ್ಮದ ಪಟ್ಟಿ ಹಾಕಿದರು. ಬೆನ್ನಿನ ತುಂಡು ಎಣಿಸಿದರೇ ಮುಂಚಿನದೋ ಕೊನೆಯದೋ ಅಂತ ಒಂದು ಅಂದಾಜು ಸಿಗುತ್ತದೆ.

ನನ್ನ ಹತ್ತಿರ ಇರುವುದು ಒಂದೇ ಒಂದು. ಅದರೊಳಗೆ ಹೆಸರು, ನಂಬರ್ ಇತ್ತು. ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಅವರಿದ್ದ ಸ್ಕ್ವಾಡ್ರನ್ನಿನ ದಿನಚರಿ ತೆರೆದೆ. ಪ್ರತಿ ರಾತ್ರಿ ಯಾವ ವಿಮಾನ, ಯಾರು ಯಾರು, ಎಷ್ಟು ಗಂಟೆಗೆ ಏರಿದ್ದು, ಎಷ್ಟಕ್ಕೆ ಇಳಿದದ್ದು ಅಂತ ಟೈಪ್ ಮಾಡಿದ ಸಾಲುಗಳು. ಹನ್ನೊಂದು ರಾತ್ರಿ ಅವರ ಹೆಸರಿನ ಮುಂದೆ ಇಳಿದ ಸಮಯ ಇತ್ತು. ಹನ್ನೆರಡನೇ ಸಲ ಇರಲಿಲ್ಲ. ರನ್ನಿಮೀಡ್ ಸ್ಮಾರಕದ ಕಲ್ಲಿನಲ್ಲಿ ಅವರ ಹೆಸರಿದೆ. ಸಮಾಧಿಯೇ ಇಲ್ಲದ 20,000ಕ್ಕೂ ಹೆಚ್ಚು ಜನರ ಹೆಸರು ಅಲ್ಲಿದೆ.

ನಾನು ಆ ಕಲ್ಲಿನ ಮುಂದೆ ನಿಂತಾಗ ಹೊಳೆದದ್ದು ಇಷ್ಟು. ಜಾಕೆಟ್ ನನ್ನ ಕೈಗೆ ಬಂದಿದೆ ಅಂದರೆ ಆ ರಾತ್ರಿ ಅವರು ಅದನ್ನು ಹಾಕಿಕೊಂಡಿರಲಿಲ್ಲ. ಅವತ್ತಿನಿಂದ ನಾನೂ ಅದನ್ನು ಹಾಕಿಕೊಂಡಿಲ್ಲ.

ವಿಮಾನಪುರದ ಮಗಳು, ಬೆಂಗಳೂರು:

ಸಿಬಿಐ ಅಂದ ಕೂಡಲೇ ಬರೆಯದೆ ಇರಲಾಗಲಿಲ್ಲ. ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್. ಕಾರ್ಖಾನೆ ಶುರುವಾದದ್ದು 1940ರ ಡಿಸೆಂಬರ್‌ನಲ್ಲಿ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಮಾಡಿದ್ದು. ಯಂತ್ರ, ಜನ, ಅನುಭವ ತಂದವರು ವಿಲಿಯಂ ಪಾಲಿ ಅನ್ನುವ ಅಮೆರಿಕನ್. ಚೀನಾದ ಪರವಾಗಿ ಹಾರಿದ ಅಮೆರಿಕನ್ನರ 'ಫ್ಲೈಯಿಂಗ್ ಟೈಗರ್ಸ್' ಪಡೆ ಕಟ್ಟುವುದರಲ್ಲೂ ಅವರ ಕೈ ಇತ್ತು. ಬೆನ್ನ ಮೇಲೆ ಚೀನಾ ಬಾವುಟ, ಅದರ ಕೆಳಗೆ ಚೀನೀ ಅಕ್ಷರ ಇರುವ ಜಾಕೆಟ್ ಚಿತ್ರ ನೋಡಿದ್ದೀರಲ್ಲ, ಅದೇ ಪಡೆ. 'ಇವನು ನಮಗೆ ಸಹಾಯ ಮಾಡಲು ಬಂದ ಪರದೇಶಿ, ಸೈನಿಕರೂ ಜನರೂ ಇವನನ್ನು ಕಾಪಾಡಿ' ಅಂತ ಅದರ ಅರ್ಥ. ಆಮೇಲಾಮೇಲೆ ಅದನ್ನು ಶತ್ರುವಿಗೆ ಕಾಣದ ಹಾಗೆ ಜಾಕೆಟ್ ಒಳಗೆ ಹೊಲಿಸಿಕೊಳ್ಳತೊಡಗಿದರು.

1943ರಲ್ಲಿ ಅಮೆರಿಕದ ವಾಯುಪಡೆ ಎಚ್‌ಎಎಲ್ ನಡೆಸಲು ತೆಗೆದುಕೊಂಡಿತು. 84ನೇ ಏರ್ ಡಿಪೋ ಅಂತ ಹೆಸರಾಯಿತು. ಅಸ್ಸಾಂ, ಬರ್ಮಾ ಕಡೆ ಹಾರಿ ಸುಸ್ತಾದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಕ್ಯಾಟಲೀನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ನಾನು ದಿನಾ ಆ ಕೆರೆ ಏರಿಯ ಮೇಲೆ ಆಫೀಸಿಗೆ ಹೋಗುತ್ತೇನೆ. ತಾತ ಹೇಳಿದ್ದು ನೆನಪಾಗುತ್ತದೆ. ವಿಮಾನ ಇಳಿದರೆ ಅಲೆ ದಡಕ್ಕೆ ಬಂದು ಬಟ್ಟೆ ಒಗೆಯುವವರ ಕಲ್ಲಿಗೆ ಹೊಡೆಯುತ್ತಿತ್ತಂತೆ.

ಬೆಂಗಳೂರಿನ ಚಳಿಗೇ ಆ ಹುಡುಗರು ಬೆಳಿಗ್ಗೆ ಚರ್ಮದ ಜಾಕೆಟ್ ಹಾಕಿಕೊಂಡು ಬರುತ್ತಿದ್ದರು, ಹತ್ತು ಗಂಟೆಗೆ ಬಿಚ್ಚಿ ಯಾವುದೋ ರೆಕ್ಕೆಯ ಮೇಲೆ ಹಾಕುತ್ತಿದ್ದರು ಅಂತಲೂ ತಾತ ಹೇಳುತ್ತಿದ್ದರು. ಒಮ್ಮೆ ತಾತನಿಗೆ ಮುಟ್ಟಿ ನೋಡಲು ಕೊಟ್ಟಿದ್ದರಂತೆ. 'ಕಂಬಳಿಗಿಂತ ಭಾರ, ಒಳಗೆ ಬೆವರಿನ ವಾಸನೆ' ಅಂದಿದ್ದರು. ನಮ್ಮ ಮನೆಯಲ್ಲಿ ಜಾಕೆಟ್ ಇಲ್ಲ. ಈ ಮಾತು ಮಾತ್ರ ಇದೆ.

ಟೈಲರ್ ಮನೆಯವನು, ದಾವಣಗೆರೆ:

ಡೇಟನ್ ಅಣ್ಣಾ, ನೀವು ಪ್ಯಾಚಿನ ಹತ್ತಿರದ ಫೋಟೊ ಕಳಿಸಿದಿರಲ್ಲ, ಅದನ್ನು ದೊಡ್ಡದು ಮಾಡಿ ನಮ್ಮ ಅಪ್ಪನಿಗೂ ತೋರಿಸಿದೆ. ಐವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರು.

ಗುರಾಣಿಯ ಸುತ್ತ ಇನ್ನೊಂದು ಸಾಲು ಸೂಜಿ ತೂತು ಇದೆ, ನೋಡಿದಿರಾ? ಅದು ಗುಂಡಗಿದೆ. ಅಂದರೆ ಮೊದಲು ಅಲ್ಲಿ ಗುಂಡನೆಯ ಪ್ಯಾಚ್ ಇತ್ತು. ಅದನ್ನು ಬಿಚ್ಚಿ ಇದನ್ನು ಹಾಕಿದ್ದಾರೆ. ಹಳೇ ತೂತು ಸಣ್ಣ, ಒಂದೇ ಸಮ, ಯಂತ್ರದ್ದು. ಹೊಸದು ಕೈಹೊಲಿಗೆ. ಹೊಲಿದವರು ಚರ್ಮಕ್ಕೆ ಹೊಸ ತೂತು ಆದಷ್ಟು ಕಡಿಮೆ ಮಾಡಿದ್ದಾರೆ. ಸಾಧ್ಯವಾದ ಕಡೆಯೆಲ್ಲ ಹಳೇ ತೂತಿನಲ್ಲೇ ಸೂಜಿ ಹಾಕಿ, ಮೂಲೆಗೆ ಬಂದಾಗ ಮಾತ್ರ ಹೊಸದು. ಬಟ್ಟೆಯಲ್ಲಿ ತಪ್ಪಾದರೆ ಬಿಚ್ಚಬಹುದು, ತೂತು ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಒಮ್ಮೆ ಆದ ತೂತು ಆಯಿತು. ಅಪ್ಪ ಸುಮಾರು ಹೊತ್ತು ನೋಡಿ 'ಇವನು ಒಳ್ಳೇ ಕೆಲಸಗಾರ, ಬೇರೆಯವರ ಸಾಮಾನು ಅಂತ ಹೆದರಿ ಹೊಲಿದಿದ್ದಾನೆ' ಅಂದರು.

ಜೇಬಿನ ಕಪ್ಪು ದಾರ ಬೇರೆಯವರದು. ಗಂಟು ಹಾಕಿದ ರೀತಿಯೇ ಬೇರೆ.

ಹಳೇ ಜಿಪ್, ಪುಣೆ:

ಗುಂಡನೆಯದು ವಾಯುಪಡೆಯ ಸಾಮಾನ್ಯ ಪ್ಯಾಚ್ ಇರಬೇಕು, ನೀಲಿ ವೃತ್ತದಲ್ಲಿ ರೆಕ್ಕೆ, ನಕ್ಷತ್ರ ಇರುವುದು. ಅಮೆರಿಕದಲ್ಲೇ ಹಾಕಿಸಿಕೊಂಡು ಬಂದು ಇಲ್ಲಿ ಬದಲಾಯಿಸಿದ್ದಾರೆ. ಈ ತೂತುಗಳನ್ನು ನಾನು ಗಮನಿಸಿಯೇ ಇರಲಿಲ್ಲ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ.

ಮಲೆನಾಡ ಮಳೆ, ತೀರ್ಥಹಳ್ಳಿ:

ಇಡುವುದರ ಬಗ್ಗೆ ಎರಡು ಮಾತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮ ಅಂದರೆ ಬೂಷ್ಟು. ನನ್ನ ಹತ್ತಿರ ಅಮೆರಿಕದ ನೌಕಾಪಡೆಯ ಆಡಿನ ಚರ್ಮದ ಜಾಕೆಟ್ ಒಂದಿದೆ, ಕಾಲರ್‌ಗೆ ತುಪ್ಪಳ ಇರುವುದು. ಮೊದಲ ಮಳೆಗಾಲ ಪ್ಲಾಸ್ಟಿಕ್ ಚೀಲದಲ್ಲಿಟ್ಟೆ. ತೆಗೆದಾಗ ಬೆಳ್ಳಗಾಗಿತ್ತು. ಗಾಬರಿಯಿಂದ ಒಂದು ಡ್ರೈ ಕ್ಲೀನಿಂಗ್ ಅಂಗಡಿಗೆ ಕೊಟ್ಟೆ. ವಾಪಸ್ ಬಂದಾಗ ಚರ್ಮದ ಜಿಡ್ಡೆಲ್ಲ ಹೋಗಿ ಹಪ್ಪಳದ ಹಾಗಾಗಿತ್ತು, ಲೈನಿಂಗಿನ ಶಾಯಿಯೂ ಹೋಗಿತ್ತು. ಆ ಶಾಯಿಯಲ್ಲಿ ಏನಿತ್ತು ಅಂತ ನಾನು ಫೋಟೊ ಕೂಡ ತೆಗೆದಿರಲಿಲ್ಲ. ಇವತ್ತಿಗೂ ಅದರ ಒಡೆಯರು ಯಾರು ಅಂತ ಗೊತ್ತಾಗಿಲ್ಲ, ಇನ್ನು ಗೊತ್ತಾಗುವ ದಾರಿಯೂ ಇಲ್ಲ.

ಆದ್ದರಿಂದ ಮೊದಲು ಎಲ್ಲ ಗುರುತುಗಳ ಫೋಟೊ ತೆಗೆಯಿರಿ. ತಂತಿ ಹ್ಯಾಂಗರ್ ಬೇಡ, ಭುಜ ಇಳಿಯುತ್ತದೆ. ತೋಳಿನೊಳಗೆ ಆಮ್ಲವಿಲ್ಲದ ತೆಳು ಕಾಗದ ತುಂಬಿ, ಒಗೆದ ಹತ್ತಿ ಬಟ್ಟೆ ಹೊದಿಸಿ ಮಲಗಿಸಿಡಿ. ಹೆಣಿಗೆ ಉಣ್ಣೆಯದು, ನುಸಿ ಬರುತ್ತದೆ, ತಿಂಗಳಿಗೊಮ್ಮೆ ತೆಗೆದು ನೋಡಿ. ತೇವ ನೂರಕ್ಕೆ 50ರ ಆಸುಪಾಸು ಇದ್ದರೆ ಸಾಕು.

ಹೊಸಬ, ಧಾರವಾಡ:

ನಾನು ಸಂಗ್ರಾಹಕ ಅಲ್ಲ, ಓದುತ್ತಾ ಬಂದೆ. ಒಂದು ಪ್ರಶ್ನೆ ಕೇಳಬೇಕು ಅನಿಸಿತು, ತಪ್ಪು ತಿಳಿಯಬೇಡಿ. ಪ್ಯಾಚ್ ಕಲ್ಕತ್ತಾದಲ್ಲಿ ಹೊಲಿದಿರಬಹುದು ಅಂದಿರಿ. ಅದೇ 1943ರಲ್ಲಿ ಬಂಗಾಳದಲ್ಲಿ ಕ್ಷಾಮ ಬಂತು. ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಅನ್ನ ಹುಡುಕಿಕೊಂಡು ಬಂದವರು ಕಲ್ಕತ್ತಾದ ರಸ್ತೆಯಲ್ಲೇ ಬಿದ್ದು ಹೋದರು. ಆ ರಸ್ತೆಯಲ್ಲೇ ಕೂತು ಯಾರೋ ಈ ಸೂರ್ಯನನ್ನು ಕತ್ತರಿಸಿದ್ದಾರೆ. ಹಾಕಿಕೊಂಡವನ ಹೆಸರಿಗೆ 90 ಲಕ್ಷ ದಾಖಲೆ ಇದೆ. ಹೊಲಿದವನ ಹೆಸರಿಗೆ?

ವಿಮಾನಪುರದ ಮಗಳು, ಬೆಂಗಳೂರು:

ತಪ್ಪು ತಿಳಿಯುವುದೇನಿದೆ? ಇದನ್ನು ಕೇಳಲೇಬೇಕಿತ್ತು. ನಮ್ಮ ತಾತನ ಹೆಸರಾದರೂ ಕಾರ್ಖಾನೆಯ ರಿಜಿಸ್ಟರ್‌ನಲ್ಲಿದೆ. ಬೀದಿಯಲ್ಲಿ ಕೂತು ಹೊಲಿದವರಿಗೆ ರಿಜಿಸ್ಟರ್ ಇರಲಿಲ್ಲ.

ಡೇಟನ್ ವಾಸಿ (ಏಳು ವಾರದ ನಂತರ):

ಸಿಕ್ಕರು.

ದಾಖಲೆಯಲ್ಲಿ ಅದೇ ಹೆಸರಿನವರು 212 ಜನ ಬಂದರು. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದೊಂದಾಗಿ ನೋಡಿದೆ. ನಾಲ್ಕು ಅಂಕಿ ತಾಳೆಯಾದದ್ದು ಒಬ್ಬರಿಗೆ ಮಾತ್ರ. ನಂಬರ್ 35ರಿಂದ ಶುರು, ಇಲ್ಲಿಂದ ಒಂದೂವರೆ ಗಂಟೆ ದಾರಿಯ ಹಳ್ಳಿ. ಸೇರುವಾಗ 21 ವರ್ಷ, ಹೊಲದ ಕೆಲಸ. ಕಡತ ಬೆಂಕಿಯಲ್ಲಿ ಹೋಗಿದೆ. ಆದರೆ ಆ ಊರಿನ ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳಿವೆ. ಎರಡು ಸಾಲಿನ ಸುದ್ದಿ ಸಿಕ್ಕಿತು. ಇಂಥವರ ಮಗ ಇಂಡಿಯಾದಿಂದ ಮನೆಗೆ ಬಂದಿದ್ದಾನೆ, ವಿಮಾನದಲ್ಲಿ ರೇಡಿಯೊ ಆಪರೇಟರ್ ಆಗಿದ್ದ ಅಂತ. ಅಲ್ಲಿಂದ ಅವರ ಮಗಳವರೆಗೆ ಗ್ರಂಥಾಲಯದವರೇ ದಾರಿ ತೋರಿಸಿದರು. ನಾನು ಕಾಗದ ಬರೆದೆ. ಅವರೇ ಫೋನ್ ಮಾಡಿದರು.

ಹೋದ ಭಾನುವಾರ ಜಾಕೆಟ್ ತೆಗೆದುಕೊಂಡು ಹೋಗಿದ್ದೆ. ಮಗಳಿಗೇ ಈಗ ಎಪ್ಪತ್ತೇಳು ವರ್ಷ. ಅವರ ತಂದೆ ಅಸ್ಸಾಂನ ಚಾಬುವಾದಿಂದ ಚೀನಾದ ಕುನ್ಮಿಂಗ್‌ಗೆ ಸಾಮಾನು ಸಾಗಿಸುತ್ತಿದ್ದ ವಿಮಾನದಲ್ಲಿದ್ದರು. ಹಿಮಾಲಯದ ಪೂರ್ವ ತುದಿ ದಾಟುವ ಆ ದಾರಿಯನ್ನು 'ಹಂಪ್' ಅನ್ನುತ್ತಿದ್ದರು. 1942ರಿಂದ 1945ರವರೆಗೆ ಸುಮಾರು 6.5 ಲಕ್ಷ ಟನ್ ಸಾಮಾನು ಅದೇ ದಾರಿಯಲ್ಲಿ ಹೋಯಿತು. ಬಿದ್ದ ವಿಮಾನಗಳು ಎಷ್ಟೆಂದರೆ ಅದಕ್ಕೆ 'ಅಲ್ಯೂಮಿನಿಯಂ ದಾರಿ' ಅಂತಲೇ ಹೆಸರು ಬಿತ್ತು. ತಂದೆ ಮನೆಯಲ್ಲಿ ಇದರ ಬಗ್ಗೆ ಮಾತೇ ಆಡುತ್ತಿರಲಿಲ್ಲವಂತೆ. ಮಕ್ಕಳು ಸ್ಕೂಲಿಗೆ ತಡ ಮಾಡಿದರೆ ಮಾತ್ರ 'ಜಲ್ದಿ ಜಲ್ದಿ' ಅನ್ನುತ್ತಿದ್ದರಂತೆ. ಅದು ಅವರ ಅಪ್ಪನೇ ಕಟ್ಟಿದ ಪದ ಅಂತ ಮಗಳು ಇಷ್ಟು ವರ್ಷ ತಿಳಿದಿದ್ದರು. ನಮ್ಮ ದೇಶದ ಪದ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಬಾಯಲ್ಲಿ ಇನ್ನೊಮ್ಮೆ ಹೇಳಿಸಿದರು.

ಆಲ್ಬಮ್ಮಿನಲ್ಲಿ ಎರಡು ಫೋಟೊ ಇತ್ತು. ಒಂದು ಅಮೆರಿಕ ಬಿಡುವ ಮುಂಚಿನದು, ಭುಜದ ಮೇಲೆ ಗುಂಡನೆಯ ಪ್ಯಾಚ್. ಇನ್ನೊಂದರಲ್ಲಿ ಗುರಾಣಿ. ದಾವಣಗೆರೆಯ ನಿಮ್ಮ ಅಪ್ಪನಿಗೆ ಹೇಳಿ, ಅವರು ಹೇಳಿದ್ದು ಸರಿಯಾಗಿತ್ತು. ಜೇಬಿನ ಕಪ್ಪು ದಾರದ ವಿಷಯದಲ್ಲೂ. ಮಗಳು ಬಲ ಜೇಬಿಗೆ ಕೈ ಹಾಕಿದ ಕೂಡಲೇ 'ಇದು ಅಮ್ಮನ ಹೊಲಿಗೆ' ಅಂದರು. ಟ್ರ್ಯಾಕ್ಟರಿನ ಬೀಗದ ಕೈ ಜಾರಿ ಲೈನಿಂಗ್ ಒಳಗೆ ಹೋಗುತ್ತಿತ್ತಂತೆ. ಯುದ್ಧ ಮುಗಿದ ಮೇಲೆ ಹದಿನೈದು ವರ್ಷ ಅವರು ಹೊಲಕ್ಕೆ ಅದೇ ಜಾಕೆಟ್ ಹಾಕಿಕೊಂಡು ಹೋಗಿದ್ದರು. ಬಲಗೈ ಹೆಣಿಗೆ ಸವೆದದ್ದೂ ಹಾಗೆಯೇ ಇರಬೇಕು. ಆಮೇಲೆ ತಮ್ಮನಿಗೆ ಕೊಟ್ಟರು. ತಮ್ಮ ತೀರಿಕೊಂಡ ಮೇಲೆ ಆ ಮನೆ ಸಾಮಾನೆಲ್ಲ ಮಾರಾಟವಾಯಿತು.

ಜಾಕೆಟ್ ಅವರಲ್ಲೇ ಬಿಟ್ಟು ಬಂದೆ. ಕೊಟ್ಟ ದುಡ್ಡು ವಾಪಸ್ ಕೊಡುತ್ತೇನೆ ಅಂದರು, ಬೇಡ ಅಂದೆ. ಮಲೆನಾಡಿನವರು ಹೇಳಿದ ಹಾಗೆ ಕಾಗದ ತುಂಬಿ, ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಜೊತೆಗೆ ಒಂದು ಹಾಳೆ ಬರೆದು ಇಟ್ಟೆ. ಧಾರವಾಡದವರು ಕೇಳಿದ ಪ್ರಶ್ನೆ ತಲೆಯಲ್ಲೇ ಇತ್ತು. ಮೇಲೆ ತಂದೆಯ ಹೆಸರು, ನಂಬರ್, ಹುಟ್ಟಿದ್ದು, ತೀರಿಕೊಂಡದ್ದು. ಅದರ ಕೆಳಗೆ 'ಜೇಬಿನ ಹೊಲಿಗೆ' ಅಂತ ಬರೆದು ತಾಯಿಯ ಹೆಸರನ್ನು ಮಗಳೇ ತುಂಬಿದರು. ಕೊನೆಯ ಸಾಲು ನಾನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದೆ: 'ಭುಜದ ಪ್ಯಾಚ್: ಕೈಕೆಲಸ, ಇಂಡಿಯಾದ್ದು ಎಂದು ಅಂದಾಜು. ಹೊಲಿದವರ ಹೆಸರು: ' ಅಂತ. ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.

ಪ್ಯಾಚಿನ ಎಂಟು ಫೋಟೊ ತೆಗೆದುಕೊಂಡಿದ್ದೇನೆ, ವಾಲಿದ ಕಿರಣ ಚೆನ್ನಾಗಿ ಕಾಣುವ ಹಾಗೆ. ಕಲ್ಕತ್ತಾದಲ್ಲಿ ಹಳೇ ಚರ್ಮದ ಕೆಲಸದವರ ಮನೆತನ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ, ಕಳಿಸುತ್ತೇನೆ.